ಆಫ್ರಿಕಕ್ಕೆ ಪ್ರಥಮಾ ವಿಭಕ್ತಿ ಇಲ್ಲವೇ?

ಕೆಲವು ವಾರಗಳ ಕೆಳಗೆ ನಮ್ಮ ಊರಿನ ಒಂದು ಸಭೆಯಲ್ಲಿ ಅಂತರರಾಷ್ಟ್ರೀಯ ರಾಜಕಾರಣವನ್ನು ಕುರಿತು ಒಂದು ಉಪನ್ಯಾಸ ಏರ್ಪಾಡಾಗಿತ್ತು. ಉಪನ್ಯಾಸ ಮಾಡಿದವರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ನಾಲ್ಕಾರು ದೇಶ ಕಂಡವರು, ಕಾಗದದ ಚೂರೂ ಕೈಯಲ್ಲಿಲ್ಲದೆ ಒಂದು ಗಂಟೆ ನಿರರ್ಗಳವಾಗಿ ಮಾತನಾಡಬಲ್ಲವರು. ಅಮೆರಿಕಕ್ಕೆ ಇಪ್ಪತ್ತು ನಿಮಿಷ ಕೊಟ್ಟರು, ಚೀನಕ್ಕೆ ಇಪ್ಪತ್ತು, ರಷ್ಯ, ಯೂರೋಪುಗಳಿಗೆ ಸೇರಿಸಿ ಹದಿನೈದು. ಕೊನೆಗೆ ಗಡಿಯಾರ ನೋಡಿಕೊಂಡು ಆಫ್ರಿಕಕ್ಕೆ ಬಂದರು. “ಆಫ್ರಿಕವೆಂದರೆ ದೊಡ್ಡ ರಾಷ್ಟ್ರಗಳು ಆಟವಾಡುವ ಚದುರಂಗದ ಹಾಸು. ನಮ್ಮ ಮಟ್ಟಿಗೆ ಹೇಳುವುದಾದರೆ, ವಿಶ್ವಸಂಸ್ಥೆಯಲ್ಲಿ ಐವತ್ತನಾಲ್ಕು ಓಟುಗಳ ಒಂದು ಮೂಟೆ. ಆ ಮೂಟೆಯನ್ನು ಯಾರು ಹೊರುತ್ತಾರೋ ಅವರು ಗೆದ್ದರು” ಎಂದರು. ಸಭೆ ನಕ್ಕಿತು. ವಂದನಾರ್ಪಣೆಯಾಯಿತು. ಕಾಫಿ ಬಂತು.

ನಾನೂ ಕಾಫಿ ಕುಡಿದೇ ಬಂದೆ. ಪ್ರಶ್ನೆಗಳಿಗೆ ಸಮಯವಿಲ್ಲವೆಂದು ಕಾರ್ಯದರ್ಶಿಗಳು ಮೊದಲೇ ಹೇಳಿಬಿಟ್ಟಿದ್ದರು. ಅಂದು ಎದ್ದು ನಿಂತು ಆಡಬೇಕಾಗಿದ್ದ ಮಾತನ್ನು ಈಗ ಈ ಪುರವಣಿಯ ಓದುಗರ ಮುಂದೆ ಇಡುತ್ತಿದ್ದೇನೆ. ಆ ಮಹನೀಯರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅವರು ಹೇಳಿದ್ದು ಅವರೊಬ್ಬರ ಅಭಿಪ್ರಾಯವಾಗಿದ್ದರೆ ನಾನು ಲೇಖನಿ ಹಿಡಿಯುತ್ತಲೂ ಇರಲಿಲ್ಲ. ಅಂದು ನಕ್ಕ ಸಭೆಯಲ್ಲಿ ನಾವೆಲ್ಲರೂ ಇದ್ದೇವೆ, ಅದೇ ತೊಂದರೆ.

ನಾನು ಕನ್ನಡ ಪಾಠ ಹೇಳುವವನು. ರಾಜಕೀಯ ಪಂಡಿತರು ಭೂಪಟ ನೋಡುವ ಕಡೆ ನಮ್ಮಂಥವರ ಕಣ್ಣು ವಾಕ್ಯದ ಮೇಲೆ ಹೋಗುತ್ತದೆ. ಮನೆಗೆ ಬಂದವನು ಆಫ್ರಿಕವನ್ನು ಕುರಿತು ನಾವು ಸಾಮಾನ್ಯವಾಗಿ ಓದುವ, ಬರೆಯುವ, ಆಡುವ ವಾಕ್ಯಗಳನ್ನು ಒಂದು ಹಾಳೆಯ ಮೇಲೆ ಬರೆದುನೋಡಿದೆ. ಯೂರೋಪಿನವರು ಆಫ್ರಿಕವನ್ನು ಹಂಚಿಕೊಂಡರು: ದ್ವಿತೀಯಾ. ಆಫ್ರಿಕದಿಂದ ಕೋಬಾಲ್ಟ್ ಬರುತ್ತದೆ: ತೃತೀಯಾ. ಚೀನ ಆಫ್ರಿಕಕ್ಕೆ ಸಾಲ ಕೊಟ್ಟಿತು: ಚತುರ್ಥೀ. ಆಫ್ರಿಕದ ದೆಸೆಯಿಂದ ಯೂರೋಪಿಗೆ ವಲಸೆಗಾರರ ಕಾಟ: ಪಂಚಮೀ. (ಈ ‘ದೆಸೆಯಿಂದ’ ಎಂಬುದು ವ್ಯಾಕರಣ ಪುಸ್ತಕದ ಹೊರಗೆ ಉಳಿದಿರುವುದೇ ಇಂಥ ದೂರುಗಳಲ್ಲಿ.) ಆಫ್ರಿಕದ ಗಣಿಗಳು, ಆಫ್ರಿಕದ ಸಾಲ, ಆಫ್ರಿಕದ ಓಟು: ಷಷ್ಠೀ. ಆಫ್ರಿಕದಲ್ಲಿ ಕ್ಷಾಮ, ಆಫ್ರಿಕದಲ್ಲಿ ದಂಗೆ: ಸಪ್ತಮೀ. ಎಲ್ಲ ವಿಭಕ್ತಿಗಳೂ ಬಂದವು, ಪ್ರಥಮಾ ಒಂದನ್ನು ಬಿಟ್ಟು. ಆಫ್ರಿಕದ ಯಾವುದಾದರೂ ಒಂದು ರಾಷ್ಟ್ರ ತಾನೇ ಕರ್ತೃವಾಗಿ ನಿಂತು ಏನನ್ನಾದರೂ ಮಾಡಿತು ಎಂಬ ವಾಕ್ಯ ನನ್ನ ಹಾಳೆಯ ಮೇಲೆ ಬರಲೇ ಇಲ್ಲ.

2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ-20 ಸಮ್ಮೇಳನದಲ್ಲಿ ಆಫ್ರಿಕ ಒಕ್ಕೂಟ ಆ ಕೂಟದ ಪೂರ್ಣ ಸದಸ್ಯತ್ವ ಪಡೆಯಿತು. ನಾವು ಅದನ್ನು ಹೇಳಿಕೊಂಡದ್ದು ಹೇಗೆ? ಭಾರತ ಆಫ್ರಿಕಕ್ಕೆ ಆಸನ ಕೊಡಿಸಿತು ಎಂದು. ಸುಳ್ಳಲ್ಲ, ಭಾರತ ಅದಕ್ಕಾಗಿ ದುಡಿದದ್ದು ನಿಜ, ಸಂತೋಷಪಡಬೇಕಾದದ್ದೂ ನಿಜ. ಆದರೆ ಅದರ ಹಿಂದಿನ ವರ್ಷವೇ ಒಕ್ಕೂಟದ ಅಧ್ಯಕ್ಷರಾಗಿದ್ದ ಸೆನೆಗಲ್‌ನ ಮ್ಯಾಕಿ ಸಾಲ್ ಆ ಆಸನ ತಮ್ಮ ಹಕ್ಕೆಂದು ದೇಶದೇಶಗಳ ಮುಂದೆ ವಾದಿಸಿದ್ದರು. ಕೇಳಿದವನನ್ನು ಮರೆತು ಕೊಡಿಸಿದವನನ್ನು ನೆನೆಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಹಾಗಾದರೆ ಆಫ್ರಿಕದ ರಾಷ್ಟ್ರಗಳು ಕರ್ತೃಗಳಾಗಿ ನಿಂತು ಮಾಡಿದ್ದಾದರೂ ಏನು ಎಂದು ಕೇಳಬಹುದು. ಒಂದು ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ನ್ಯಾಯಾಲಯದ ಕಥೆ. ದಾವೆ, ವಾಯಿದೆ, ತೀರ್ಪು ಎಂದರೆ ನಮ್ಮ ಜನಕ್ಕೆ ಹೊಸದಾಗಿ ವಿವರಿಸಬೇಕಾದ್ದಿಲ್ಲ.

ದಕ್ಷಿಣ ಆಫ್ರಿಕದ ಪಕ್ಕದಲ್ಲಿ ನೈರುತ್ಯ ಆಫ್ರಿಕ ಎಂಬ ಪ್ರದೇಶವಿತ್ತು. ಇಂದಿನ ನಮೀಬಿಯವೇ ಅದು. ಮೊದಲು ಜರ್ಮನರ ವಸಾಹತು. 1904ರಿಂದ 1908ರ ವರೆಗೆ ಹೆರೆರೊ ಮತ್ತು ನಾಮ ಜನರನ್ನು ಜರ್ಮನ್ ಸೈನ್ಯ ಬೇರುಸಹಿತ ಕಿತ್ತುಹಾಕಲು ಹೊರಟದ್ದು ಅಲ್ಲಿಯೇ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಲೀಗ್ ಆಫ್ ನೇಷನ್ಸ್ ಎಂದು ಕರೆಯುತ್ತಿದ್ದ ಹಳೆಯ ರಾಷ್ಟ್ರಸಂಘ, 1920ರಲ್ಲಿ ಆ ನಾಡಿನ ಪಾಲನೆಯನ್ನು ದಕ್ಷಿಣ ಆಫ್ರಿಕಕ್ಕೆ ಒಪ್ಪಿಸಿತು. ಅಲ್ಲಿನ ಜನರ ಹಿತಕ್ಕಾಗಿ ನೋಡಿಕೊಳ್ಳಬೇಕೆಂಬುದು ಷರತ್ತು. ವಯಸ್ಸಿಗೆ ಬಾರದ ಹುಡುಗನ ಜಮೀನಿಗೆ ಪಾಲಕನೊಬ್ಬನನ್ನು ನೇಮಿಸುವುದಿಲ್ಲವೇ, ಹಾಗೆ. (ಒಂದು ಇಡೀ ಜನತೆಯನ್ನು ವಯಸ್ಸಿಗೆ ಬಾರದ ಹುಡುಗನೆಂದು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆ ಹಾಗಿರಲಿ.) ಎರಡನೆಯ ಮಹಾಯುದ್ಧದ ನಂತರ ರಾಷ್ಟ್ರಸಂಘ ಅಳಿದು ವಿಶ್ವಸಂಸ್ಥೆ ಬಂತು. ಪಾಲಕ ಲೆಕ್ಕ ಒಪ್ಪಿಸಲು ನಿರಾಕರಿಸಿದ. ಅಷ್ಟೇ ಅಲ್ಲ, ತನ್ನ ಮನೆಯ ವರ್ಣಭೇದ ನೀತಿಯನ್ನು ಆ ಜಮೀನಿನಲ್ಲಿಯೂ ಬಿತ್ತಿದ.

ಅವನ ಮೇಲೆ ದಾವೆ ಹೂಡುವವರು ಯಾರು? ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ರಾಷ್ಟ್ರಗಳು ಮಾತ್ರ ವಾದಿಗಳಾಗಬಹುದು. ಅದರಲ್ಲಿಯೂ ಈ ವ್ಯಾಜ್ಯದಲ್ಲಿ ಹಳೆಯ ರಾಷ್ಟ್ರಸಂಘದ ಸದಸ್ಯರಾಗಿದ್ದವರಿಗೆ ಮಾತ್ರ ಹಾಗೆ ಕೇಳುವ ಅವಕಾಶ. ಕರಿಯರೇ ಆಳುತ್ತಿದ್ದ ದೇಶಗಳಲ್ಲಿ ಆ ಸದಸ್ಯತ್ವ ಇದ್ದದ್ದು ಆಫ್ರಿಕದಲ್ಲಿ ಎರಡಕ್ಕೇ: ಇಥಿಯೋಪಿಯ ಮತ್ತು ಲೈಬೀರಿಯ. 1960ರ ಜೂನ್ ತಿಂಗಳಲ್ಲಿ ಆಡಿಸ್ ಅಬಾಬದಲ್ಲಿ ಸ್ವತಂತ್ರ ಆಫ್ರಿಕ ರಾಷ್ಟ್ರಗಳೆಲ್ಲ ಸೇರಿ ಈ ದಾವೆಗೆ ಬೆಂಬಲವಾಗಿ ನಿಂತವು. ನವೆಂಬರ್ 4ರಂದು ಆ ಎರಡು ದೇಶಗಳು ಹೇಗ್ ನಗರದಲ್ಲಿ ದಾವೆ ಹೂಡಿದವು. ತಮಗಾಗಿ ಅಲ್ಲ, ನೆನಪಿರಲಿ. ಇಥಿಯೋಪಿಯಕ್ಕೆ ಒಂದು ಗೇಣು ನೆಲ ಬೇಕಿರಲಿಲ್ಲ. ಲೈಬೀರಿಯಕ್ಕೆ ಒಂದು ಕಾಸಿನ ಲಾಭವಿರಲಿಲ್ಲ.

1962ರಲ್ಲಿ, ದಾವೆ ವಿಚಾರಣೆಗೆ ಯೋಗ್ಯವೆಂದು ನ್ಯಾಯಾಲಯ ಎಂಟಕ್ಕೆ ಏಳು ಮತಗಳಿಂದ ತೀರ್ಮಾನಿಸಿತು. 1965ರಲ್ಲಿ ತಿಂಗಳುಗಟ್ಟಲೆ ವಾದ ನಡೆಯಿತು. ಅಷ್ಟರಲ್ಲಿ ಪೀಠದ ಬಲಾಬಲ ಬದಲಾಗಿತ್ತು: ಈಜಿಪ್ಟಿನ ನ್ಯಾಯಾಧೀಶರು ತೀರಿಕೊಂಡಿದ್ದರು, ಪೆರು ದೇಶದವರು ಕಾಯಿಲೆ ಬಿದ್ದಿದ್ದರು, ಪಾಕಿಸ್ತಾನದ ಜಫ್ರುಲ್ಲಾ ಖಾನರು ಈ ವ್ಯಾಜ್ಯದಲ್ಲಿ ಪೀಠದ ಮೇಲೆ ಕೂರಲಿಲ್ಲ. 1966ರ ಜುಲೈ 18ರಂದು ತೀರ್ಪು ಬಂದಾಗ ಮತಗಳು ಏಳಕ್ಕೆ ಏಳು. ಅಧ್ಯಕ್ಷರಾಗಿದ್ದ ಆಸ್ಟ್ರೇಲಿಯದ ಸರ್ ಪರ್ಸಿ ಸ್ಪೆಂಡರ್ ತಮ್ಮ ನಿರ್ಣಾಯಕ ಮತವನ್ನು ಹಾಕಿದರು. ದಾವೆ ವಜಾ ಆಯಿತು. ಕಾರಣ? ವರ್ಣಭೇದ ಸರಿ ಎಂದು ನ್ಯಾಯಾಲಯ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಆರು ವರ್ಷ ಕಾಯಿಸಿ ಅದು ಹೇಳಿದ್ದರ ಸಾರಾಂಶ ನಮ್ಮ ಆಡುಮಾತಿನಲ್ಲಿ ಇಷ್ಟೆ: ಅಲ್ಲಿನ ಜನರಿಗೆ ಏನಾದರೆ ನಿಮಗೇನು? ನಿಮ್ಮ ಸ್ವಂತ ಹಕ್ಕಿಗೆ ಎಲ್ಲಿ ಧಕ್ಕೆಯಾಗಿದೆ?

ಬೀದಿಯಲ್ಲಿ ಒಬ್ಬ ಇನ್ನೊಬ್ಬನನ್ನು ಹೊಡೆಯುತ್ತಿರುವಾಗ ಬಿಡಿಸಲು ಹೋದವನನ್ನು ‘ನೀನು ಅವನಿಗೆ ಏನಾಗಬೇಕು?’ ಎಂದು ಗದರಿಸುವವರನ್ನು ನಾವು ನೋಡಿದ್ದೇವೆ. ಲೋಕದ ಅತ್ಯುನ್ನತ ನ್ಯಾಯಪೀಠ ಅಂದು ಆಡಿದ್ದು ಅದೇ ಮಾತು, ರೇಷ್ಮೆಯ ನಿಲುವಂಗಿ ತೊಟ್ಟು.

ಚದುರಂಗದ ಕಾಯಿಗಳಾಗಿದ್ದರೆ ಅವು ಅಲ್ಲಿಗೆ ಪೆಟ್ಟಿಗೆ ಸೇರಬೇಕಿತ್ತು. ಹಾಗಾಗಲಿಲ್ಲ. ಆಗಸ್ಟ್ 26ರಂದು ನಮೀಬಿಯದ ಜನರ ಸಂಘಟನೆಯಾದ ಸ್ವಾಪೋದ ಸಶಸ್ತ್ರ ಹೋರಾಟ ಮೊದಲಾಯಿತು. ಅಕ್ಟೋಬರ್ 27ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆಫ್ರಿಕದ ರಾಷ್ಟ್ರಗಳು ಮುಂದೆ ನಿಂತು, ದಕ್ಷಿಣ ಆಫ್ರಿಕದ ಪಾಲಕತ್ವವೇ ರದ್ದಾಯಿತೆಂಬ ನಿರ್ಣಯವನ್ನು ಅಂಗೀಕರಿಸಿಕೊಂಡವು. ಪರವಾಗಿ 114, ವಿರುದ್ಧವಾಗಿ ಎರಡೇ, ದಕ್ಷಿಣ ಆಫ್ರಿಕ ಮತ್ತು ಪೋರ್ಚುಗಲ್. ತಟಸ್ಥವಾಗಿದ್ದ ಮೂವರಲ್ಲಿ ಬ್ರಿಟನ್, ಫ್ರಾನ್ಸುಗಳ ಜೊತೆಗೆ ಮಲಾವಿಯೂ ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಒಂದೇ ಕುಟುಂಬದಲ್ಲಿ ಎಲ್ಲರೂ ಒಂದೇ ಮಾತಿಗೆ ನಿಲ್ಲುತ್ತಾರೆಯೇ? 1971ರಲ್ಲಿ ಅದೇ ನ್ಯಾಯಾಲಯ, ಹದಿಮೂರಕ್ಕೆ ಎರಡು ಮತಗಳಿಂದ, ದಕ್ಷಿಣ ಆಫ್ರಿಕ ನಮೀಬಿಯದಲ್ಲಿ ಉಳಿದಿರುವುದು ನ್ಯಾಯಬಾಹಿರವೆಂದು ಅಭಿಪ್ರಾಯ ಕೊಟ್ಟಿತು. 1990ರ ಮಾರ್ಚ್ 21ರಂದು ನಮೀಬಿಯ ಸ್ವತಂತ್ರವಾಯಿತು. ದಾವೆ ಹೂಡಿದ ದಿನದಿಂದ ಸುಮಾರು ಮೂವತ್ತು ವರ್ಷ. ನಮ್ಮ ಮುನ್ಸೀಫ್ ಕೋರ್ಟುಗಳನ್ನು ಬೈಯುವವರಿಗೆ ಇದು ಅಷ್ಟೇನೂ ದೊಡ್ಡ ಅವಧಿ ಎನ್ನಿಸಲಾರದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ‘ನಿಮಗೇನು?’ ಎಂಬ ಆ ಪ್ರಶ್ನೆ ಉತ್ತರವಿಲ್ಲದೆ ಉಳಿದಿತ್ತು. ಅದಕ್ಕೆ ಉತ್ತರ ಹುಡುಕಿಕೊಂಡು ಹೋದದ್ದು ಗ್ಯಾಂಬಿಯ. ಗ್ಯಾಂಬಿಯ ಎಂಬ ದೇಶ ಎಲ್ಲಿದೆ ಎಂದು ನನ್ನ ಸಹೋದ್ಯೋಗಿಗಳ ಕೊಠಡಿಯಲ್ಲಿ ಕೇಳಿದಾಗ ಒಬ್ಬರು ದಕ್ಷಿಣ ಅಮೆರಿಕ ಎಂದರು. ಪಶ್ಚಿಮ ಆಫ್ರಿಕದಲ್ಲಿ ಒಂದು ನದಿಯ ಎರಡು ದಡಗಳೇ ಆ ದೇಶ. ವಿಸ್ತೀರ್ಣದಲ್ಲಿ ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕದು. ಯಾಹ್ಯಾ ಜಾಮೆ ಎಂಬ ಸರ್ವಾಧಿಕಾರಿಯ ಕೆಳಗೆ ಇಪ್ಪತ್ತೆರಡು ವರ್ಷ ನರಳಿ, 2016ರ ಡಿಸೆಂಬರಿನ ಚುನಾವಣೆಯಲ್ಲಿ ಅವನನ್ನು ಸೋಲಿಸಿತು. ಅವನು ಕುರ್ಚಿ ಬಿಡದಿದ್ದಾಗ ನೆರೆಯ ಪಶ್ಚಿಮ ಆಫ್ರಿಕ ರಾಷ್ಟ್ರಗಳು ಸೈನ್ಯ ಕಳಿಸಿ ಅವನನ್ನು ದೇಶ ಬಿಡಿಸಿದವು. ಹೊಸ ಸರ್ಕಾರದಲ್ಲಿ ಅಬೂಬಕರ್ ತಂಬಾದು ಎಂಬ ವಕೀಲರು ನ್ಯಾಯಾಂಗ ಮಂತ್ರಿಗಳಾದರು. ಅವರು ಹಿಂದೆ ರುವಾಂಡದ ನರಮೇಧದ ವಿಚಾರಣೆ ನಡೆಸಿದ ವಿಶೇಷ ನ್ಯಾಯಾಲಯದಲ್ಲಿ ಕೆಲಸ ಮಾಡಿದ್ದವರು. 2018ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರಿನ ನಿರಾಶ್ರಿತರ ಶಿಬಿರಕ್ಕೆ ಹೋಗಿ, ಮ್ಯಾನ್ಮಾರಿನಿಂದ ಓಡಿಬಂದ ರೋಹಿಂಗ್ಯಾ ಜನರ ಬಾಯಿಂದ ಅವರ ಕಥೆಯನ್ನು ಕೇಳಿದರು. ರುವಾಂಡದ ಕಡತಗಳಲ್ಲಿ ಓದಿದ್ದೇ ಮತ್ತೆ ಕಿವಿಗೆ ಬಿತ್ತು. 2019ರ ನವೆಂಬರಿನಲ್ಲಿ ಗ್ಯಾಂಬಿಯ ಮ್ಯಾನ್ಮಾರಿನ ಮೇಲೆ ಹೇಗ್ ನಗರದಲ್ಲಿ ದಾವೆ ಹೂಡಿತು. ನೆರೆಯ ನಾವು ಹೂಡಲಿಲ್ಲ; ಮಾನವ ಹಕ್ಕುಗಳ ಪಾಠ ಹೇಳುವ ಯೂರೋಪು ಹೂಡಲಿಲ್ಲ. ಸಾವಿರಾರು ಮೈಲಿ ಆಚೆಯ ಗ್ಯಾಂಬಿಯ ಹೂಡಿತು. ಆ ಡಿಸೆಂಬರಿನಲ್ಲಿ ಆಂಗ್ ಸಾನ್ ಸೂಚಿಯವರೇ ಬಂದು ಮ್ಯಾನ್ಮಾರಿನ ಪರವಾಗಿ ನಿಲ್ಲಬೇಕಾಯಿತು.

ಮ್ಯಾನ್ಮಾರ್ ಎತ್ತಿದ ಆಕ್ಷೇಪಗಳಲ್ಲಿ ಒಂದು, ಓದುಗರು ಊಹಿಸಿದಂತೆ, ಹಳೆಯದೇ: ನಿಮಗೇನು? 2022ರ ಜುಲೈ 22ರಂದು ನ್ಯಾಯಾಲಯ ಆ ಆಕ್ಷೇಪವನ್ನು ಹದಿನೈದಕ್ಕೆ ಒಂದು ಮತದಿಂದ ತಳ್ಳಿಹಾಕಿತು. ಜನಾಂಗಹತ್ಯೆಯನ್ನು ತಡೆಯುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕಿದ ಯಾವ ರಾಷ್ಟ್ರವಾದರೂ, ತನಗೆ ಸ್ವಂತ ನಷ್ಟವಾಗದಿದ್ದರೂ, ಆ ಒಪ್ಪಂದವನ್ನು ಮುರಿದವರನ್ನು ಕೇಳಬಹುದು ಎಂದಿತು. ಈ ತತ್ತ್ವ ಗ್ಯಾಂಬಿಯದಿಂದಲೇ ಹುಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. 1970ರ ಒಂದು ತೀರ್ಪಿನಲ್ಲಿ ಅದರ ಬೀಜವಿತ್ತು. 2012ರಲ್ಲಿ ಬೆಲ್ಜಿಯಂ ಹೂಡಿದ ಒಂದು ದಾವೆಯಲ್ಲಿ ಮೊಳಕೆಯೊಡೆಯಿತು. ಆ ದಾವೆಯ ಪ್ರತಿವಾದಿ ಯಾರು ಗೊತ್ತೇ? ಆಫ್ರಿಕದ್ದೇ ದೇಶವಾದ ಸೆನೆಗಲ್. ಚಾಡ್ ದೇಶದ ಹಿಂದಿನ ಸರ್ವಾಧಿಕಾರಿ ಹಿಸೇನ್ ಹಬ್ರೆಗೆ ಆಶ್ರಯ ಕೊಟ್ಟು ವಿಚಾರಣೆ ಮಾಡದೆ ಬಿಟ್ಟಿತೆಂದು. ಸೆನೆಗಲ್ ಸೋತಿತು. ಆದರೆ ಸೋತು ಸುಮ್ಮನೆ ಕೂರಲಿಲ್ಲ. ಆಫ್ರಿಕ ಒಕ್ಕೂಟದ ಒಪ್ಪಿಗೆಯಿಂದ ಡಾಕರ್ ನಗರದಲ್ಲಿ ವಿಶೇಷ ನ್ಯಾಯಾಲಯವನ್ನು ಸ್ಥಾಪಿಸಿ ಹಬ್ರೆಯನ್ನು ವಿಚಾರಿಸಿ 2016ರ ಮೇ ತಿಂಗಳಲ್ಲಿ ಆಜೀವ ಶಿಕ್ಷೆ ವಿಧಿಸಲು ಎಡೆಮಾಡಿಕೊಟ್ಟಿತು. ಸೋತ ತೀರ್ಪನ್ನು ಹೀಗೆ ನಡೆಸಿಕೊಟ್ಟ ದೊಡ್ಡ ರಾಷ್ಟ್ರಗಳ ಹೆಸರನ್ನು ಯಾರಾದರೂ ನನಗೆ ಹೇಳಿದರೆ ಉಪಕಾರವಾದೀತು.

2023ರ ಡಿಸೆಂಬರ್ 29ರಂದು ದಕ್ಷಿಣ ಆಫ್ರಿಕ ಗಾಜಾದ ವಿಷಯದಲ್ಲಿ ಇಸ್ರೇಲಿನ ಮೇಲೆ ಇದೇ ಒಪ್ಪಂದದ ಅಡಿಯಲ್ಲಿ ದಾವೆ ಹೂಡಿದಾಗ ಹತ್ತಿದ್ದು ಈ ಮೆಟ್ಟಿಲನ್ನೇ. ಇಸ್ರೇಲ್–ಪ್ಯಾಲೆಸ್ಟೈನ್ ವಿಷಯದಲ್ಲಿ ಓದುಗರಲ್ಲಿ ಹಲವು ಅಭಿಪ್ರಾಯಗಳಿರಬಹುದು. ಆ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ನಾನು ಕೇಳುವುದು ಇಷ್ಟನ್ನೇ: 1966ರಲ್ಲಿ ‘ನಿಮಗೇನು’ ಎಂಬ ಮಾತಿನ ಆಸರೆಯಲ್ಲಿ ಪಾರಾದ ಪ್ರತಿವಾದಿಯ ನೆಲದಿಂದಲೇ, ಆಳುವವರು ಬದಲಾದ ಮೇಲೆ, ಆ ಮಾತನ್ನು ಒಪ್ಪದ ವಾದಿ ಎದ್ದು ಬಂದನಲ್ಲ, ಇದು ಚದುರಂಗದ ಯಾವ ಕಾಯಿಯ ನಡೆ?

“ಅದೆಲ್ಲ ಸರಿ ಸ್ವಾಮಿ, ನಿಮ್ಮ ದಕ್ಷಿಣ ಆಫ್ರಿಕದ ಕೈ ಶುದ್ಧವೇ?” ಎಂದು ಯಾರಾದರೂ ಕೇಳಿಯಾರು. ಕೇಳಬೇಕು. 2015ರ ಜೂನ್ ತಿಂಗಳಲ್ಲಿ ಸೂಡಾನಿನ ಅಂದಿನ ಅಧ್ಯಕ್ಷ ಒಮರ್ ಅಲ್ ಬಷೀರ್ ಜೋಹಾನ್ಸ್‌ಬರ್ಗಿಗೆ ಬಂದಿದ್ದ. ದಾರ್ಫುರದ ಹತ್ಯೆಗಳಿಗಾಗಿ ಅವನ ಮೇಲೆ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಬಂಧನದ ವಾರಂಟು ಇತ್ತು. ಅವನು ದೇಶ ಬಿಡಕೂಡದೆಂದು ಪ್ರಿಟೋರಿಯದ ಹೈಕೋರ್ಟು ಆಜ್ಞೆ ಮಾಡಿತು. ಸರ್ಕಾರ ಕಣ್ಣುಮುಚ್ಚಿಕೊಂಡು ಅವನ ವಿಮಾನವನ್ನು ಬಿಟ್ಟುಕೊಟ್ಟಿತು. ಇದು ನಾಚಿಕೆಗೇಡು. ಹಾಗೆಂದು ಹೇಳಿದವರಲ್ಲಿ ದಕ್ಷಿಣ ಆಫ್ರಿಕದ ಮೇಲ್ಮನವಿ ನ್ಯಾಯಾಲಯವೇ ಒಂದು: ಸರ್ಕಾರದ ನಡತೆ ಕಾನೂನಿಗೆ ವಿರುದ್ಧವೆಂದು 2016ರಲ್ಲಿ ತೀರ್ಪು ಕೊಟ್ಟಿತು. 1994ರಲ್ಲಿ ರುವಾಂಡದಲ್ಲಿ ನೆತ್ತರು ಹರಿಯುತ್ತಿದ್ದಾಗ ಆಫ್ರಿಕದ ಐಕ್ಯ ಸಂಘಟನೆ ಮಾಡಿದ್ದು ಅತ್ಯಲ್ಪ. ರುವಾಂಡದ ಕೊಲೆಗಡುಕ ಸರ್ಕಾರದ ಪ್ರತಿನಿಧಿ ಭದ್ರತಾ ಮಂಡಳಿಯಲ್ಲಿಯೇ ಸದಸ್ಯನಾಗಿ ಕುಳಿತಿದ್ದ. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಎರಡು ಸೇನಾ ಬಣಗಳು ಕಾದಾಟಕ್ಕಿಳಿದಾಗಲೂ ಒಕ್ಕೂಟ ಕೈಚೆಲ್ಲಿತು. ಮಾಲಿ, ಬುರ್ಕಿನ ಫಾಸೊ, ನೈಜರ್ ದೇಶಗಳ ಸೇನಾಧಿಕಾರಿಗಳು 2025ರ ಜನವರಿಯಲ್ಲಿ ಪಶ್ಚಿಮ ಆಫ್ರಿಕದ ಕೂಟವನ್ನೇ ಬಿಟ್ಟು ಹೋದರು. ಇವೆಲ್ಲವೂ ತಪ್ಪುಗಳು, ಕೆಲವು ಪಾತಕಗಳು. ತಪ್ಪು ಮಾಡುವವನೂ ಕರ್ತೃವೇ ಅಲ್ಲವೇ? ಆಫ್ರಿಕದವರು ದೇವತೆಗಳೆಂದು ನಾನು ಹೇಳಲು ಹೊರಟಿಲ್ಲ. ಮೂಟೆಯಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಚೀನದ ಸಾಲದ ಮಾತು. ಅದಿಲ್ಲದೆ ಆಫ್ರಿಕದ ಚರ್ಚೆ ನಮ್ಮಲ್ಲಿ ಮುಗಿಯುವುದಿಲ್ಲ. ತಾಂಜಾನಿಯದ ದಾರ್ ಎಸ್ ಸಲಾಮಿನಿಂದ ಜಾಂಬಿಯಕ್ಕೆ ಹೋಗುವ ಸುಮಾರು 1860 ಕಿಲೋಮೀಟರಿನ ರೈಲುದಾರಿಯನ್ನು ಚೀನ ಹಾಕಿತು. ಇದು ಎಲ್ಲರಿಗೂ ಗೊತ್ತು. ಅದನ್ನು ಬೇಕೆಂದವರು ಜಾಂಬಿಯದ ಕೌಂಡ, ತಾಂಜಾನಿಯದ ನೈರೇರೆ. ಜಾಂಬಿಯದ ತಾಮ್ರ ಅಂದು ಬಿಳಿಯರ ಆಳ್ವಿಕೆಯ ರೊಡೀಷಿಯದ ಮೂಲಕವೇ ಸಮುದ್ರಕ್ಕೆ ಹೋಗಬೇಕಾಗಿತ್ತು. ಆ ಕುಣಿಕೆಯನ್ನು ಬಿಚ್ಚಿಕೊಳ್ಳಲು ಅವರು ಮೊದಲು ಹೋದದ್ದು ಪಾಶ್ಚಾತ್ಯರ ಬಾಗಿಲಿಗೆ. ಅಲ್ಲಿ ಇಲ್ಲವೆನ್ನಿಸಿಕೊಂಡ ಮೇಲೆ ಚೀನಕ್ಕೆ ಹೋದರು. ಸಾಲ ಯಾವುದಕ್ಕೆ, ಯಾರಿಂದ ಎಂದು ಅವರೇ ತೀರ್ಮಾನಿಸಿದ್ದರು. ಈಚಿನ ಎಲ್ಲ ಸಾಲಗಳೂ ಅಷ್ಟು ವಿವೇಕದವಲ್ಲ. ಆದರೆ ನಮ್ಮ ಮೆಟ್ರೋ ರೈಲಿಗೆ ಜಪಾನಿನ ಸಾಲ ಪಡೆದರೆ ಅದು ಪ್ರಗತಿ, ಕೆನ್ಯ ಪಡೆದರೆ ಗುಲಾಮಗಿರಿ ಎಂಬ ಲೆಕ್ಕ ಯಾವ ಅರ್ಥಶಾಸ್ತ್ರದ್ದು?

ಇದೇ ಇಬ್ಬಗೆಯ ಅಳತೆ 2022ರ ಮಾರ್ಚ್ 2ರಂದೂ ಕಂಡಿತು. ಯುಕ್ರೇನಿನ ಮೇಲಿನ ರಷ್ಯದ ದಾಳಿಯನ್ನು ಖಂಡಿಸುವ ನಿರ್ಣಯ ಮಹಾಸಭೆಯ ಮುಂದೆ ಬಂದಾಗ ಆಫ್ರಿಕದ 28 ದೇಶಗಳು ಪರವಾಗಿ ಮತ ಹಾಕಿದವು, 17 ತಟಸ್ಥವಾಗಿದ್ದವು, ಎಂಟು ಮತ ಹಾಕಲಿಲ್ಲ, ಎರಿಟ್ರಿಯ ಒಂದು ವಿರೋಧಿಸಿತು. ಭಾರತವೂ ತಟಸ್ಥವಾಗಿತ್ತು. ನಾವು ತಟಸ್ಥರಾದದ್ದು ಸ್ವತಂತ್ರ ವಿದೇಶಾಂಗ ನೀತಿ; ಸೆನೆಗಲ್, ದಕ್ಷಿಣ ಆಫ್ರಿಕ ತಟಸ್ಥವಾದದ್ದು ಮಾತ್ರ ರಷ್ಯದ ಕೈವಾಡ! ಆ ಮತದಾನಕ್ಕೆ ಒಂಬತ್ತು ದಿನಗಳ ಹಿಂದೆ ಭದ್ರತಾ ಮಂಡಳಿಯಲ್ಲಿ ಕೆನ್ಯದ ಪ್ರತಿನಿಧಿ ಮಾರ್ಟಿನ್ ಕಿಮಾನಿ ಆಡಿದ ಮಾತನ್ನು ಎಷ್ಟು ಜನ ಗಮನಿಸಿದರೋ ಕಾಣೆ. ನಮ್ಮ ಗಡಿಗಳನ್ನು ನಾವು ಎಳೆದುಕೊಂಡವರಲ್ಲ. ಲಂಡನ್, ಪ್ಯಾರಿಸ್, ಲಿಸ್ಬನ್ನುಗಳಲ್ಲಿ ಕುಳಿತವರು ಎಳೆದರು. ಒಂದೇ ಜನ ಎರಡು ದೇಶಗಳಲ್ಲಿ ಹಂಚಿಹೋಗಿದ್ದಾರೆ. ಆದರೂ ರಕ್ತ ಹರಿಸುವುದಕ್ಕಿಂತ ಆ ಗಡಿಗಳನ್ನೇ ಒಪ್ಪಿ ಮುಂದೆ ನೋಡೋಣವೆಂದು ತೀರ್ಮಾನಿಸಿದೆವು ಎಂಬುದು ಅದರ ತಾತ್ಪರ್ಯ. ಆ ತೀರ್ಮಾನ ಆದದ್ದು 1964ರ ಕೈರೋ ಸಮ್ಮೇಳನದಲ್ಲಿ. ಗಡಿಯ ಜಗಳಗಳಲ್ಲಿಯೇ ಮುಳುಗಿರುವ ನಾವು, ಬೆಳಗಾವಿಯ ಹೆಸರೆತ್ತಿದರೆ ಬಸ್ಸುಗಳಿಗೆ ಮಸಿ ಬಳಿಯುವ ನಾವು, ಆ ನಿರ್ಣಯವನ್ನು ಒಮ್ಮೆ ಓದಿ ನೋಡಬಹುದು.

ಸಮುದ್ರದ ಮಾತೊಂದನ್ನು ಹೇಳದೆ ಬಿಡಲಾರೆ. ತೀರದಿಂದ ಇನ್ನೂರು ನಾಟಿಕಲ್ ಮೈಲಿಯ ವರೆಗೆ ಮೀನು ಮೊದಲಾದ ಸಂಪತ್ತಿನ ಹಕ್ಕು ಆ ತೀರದ ದೇಶದ್ದು ಎಂಬ ನಿಯಮವನ್ನು ಇಂದು ಎಲ್ಲರೂ ಒಪ್ಪಿದ್ದಾರೆ. ಮಲ್ಪೆಯ ಬೋಟುಗಳು ಆಳಸಮುದ್ರಕ್ಕೆ ಹೋಗಿ ಬಲೆ ಬೀಸುವ ನೀರು ಈ ವಲಯಕ್ಕೆ ಸೇರಿದ್ದು. ಇನ್ನೂರು ಮೈಲಿಯ ಕೂಗನ್ನು ಮೊದಲು ಎತ್ತಿದವರು ಚಿಲಿ, ಪೆರು ಮೊದಲಾದ ದಕ್ಷಿಣ ಅಮೆರಿಕದವರು. ಆದರೆ ದೊಡ್ಡ ನೌಕಾಬಲದವರೂ ಒಪ್ಪುವಂತೆ, ಹಡಗಿನ ಓಡಾಟ ಎಲ್ಲರಿಗೂ, ಸಂಪತ್ತು ಮಾತ್ರ ತೀರದವರಿಗೆ ಎಂದು ಅದನ್ನು ಒಂದು ಕಾನೂನಿನ ರೂಪಕ್ಕೆ ತಂದು, 1971–72ರಲ್ಲಿ ಏಷ್ಯ–ಆಫ್ರಿಕ ನ್ಯಾಯ ಸಲಹಾ ಸಮಿತಿಯ ಮುಂದೆ ಇಟ್ಟದ್ದು ಕೆನ್ಯ. ಫ್ರಾಂಕ್ ಎನ್‌ಜೆಂಗ ಎಂಬ ಅದರ ನ್ಯಾಯತಜ್ಞರು. 1982ರ ಸಮುದ್ರ ಕಾನೂನಿನ ಒಪ್ಪಂದಕ್ಕೆ ಅದು ಸೇರಿತು. ಅದಕ್ಕೂ ಮೊದಲೇ, 1976ರಲ್ಲಿ, ನಮ್ಮ ಪಾರ್ಲಿಮೆಂಟು ಅದನ್ನು ನಮ್ಮ ಶಾಸನ ಮಾಡಿಕೊಂಡಿತು. ಬಂಗಡೆ, ಅಂಜಲ್ ತಿನ್ನುವ ಕರಾವಳಿಯ ಗೆಳೆಯರು ಕೆನ್ಯವನ್ನು ಒಮ್ಮೆ ನೆನೆದರೆ ಋಣ ತೀರದಿದ್ದರೂ ಬಡ್ಡಿಯಾದರೂ ಸಂದೀತು.

ಈಗ ಓಟಿನ ಮೂಟೆಗೆ ಬರೋಣ. ಭಾರತಕ್ಕೆ ಭದ್ರತಾ ಮಂಡಳಿಯಲ್ಲಿ ಶಾಶ್ವತ ಸ್ಥಾನ ಬೇಕು. 2005ರಲ್ಲಿ ನಾವು ಬ್ರೆಜಿಲ್, ಜರ್ಮನಿ, ಜಪಾನುಗಳೊಂದಿಗೆ ಸೇರಿ ಆ ಪ್ರಯತ್ನ ಮಾಡಿದೆವು. ಆಫ್ರಿಕ ಒಕ್ಕೂಟ ಅದೇ ವರ್ಷ ತನ್ನ ನಿಲುವನ್ನು ಸ್ಪಷ್ಟಪಡಿಸಿತ್ತು: ಎರಡು ಶಾಶ್ವತ ಸ್ಥಾನ, ವೀಟೋ ಹಕ್ಕಿನೊಂದಿಗೆ. ನಮ್ಮ ಕೂಟ ವೀಟೋ ಮಾತನ್ನು ಸದ್ಯಕ್ಕೆ ಮುಂದೂಡೋಣವೆಂದಿತು. ಆಗಸ್ಟಿನಲ್ಲಿ ಆಡಿಸ್ ಅಬಾಬದ ಸಭೆ ಒಪ್ಪಲಿಲ್ಲ. ನಮ್ಮ ಪ್ರಯತ್ನ ಅಲ್ಲಿಗೆ ನಿಂತಿತು. ಆಫ್ರಿಕದವರು ನಮ್ಮ ಅವಕಾಶ ಕೆಡಿಸಿದರು ಎಂಬ ಕೊರಗು ಅಂದಿನಿಂದ ಉಳಿದಿದೆ. ಅಂದಿನ ಉಪನ್ಯಾಸದ ಒಳದನಿಯೂ ಅದೇ. ನಾನು ಕೇಳುತ್ತೇನೆ: ಅವರು ಒಪ್ಪಬೇಕಾಗಿದ್ದದ್ದು ಏತಕ್ಕೆ? ವೀಟೋ ಎಂಬುದು ಇರಲೇಬಾರದು, ಇರುವುದಾದರೆ ನಮಗೂ ಬೇಕು ಎಂಬ ವಾದ ನಮ್ಮ ಬಾಯಲ್ಲಿ ಬಂದಿದ್ದರೆ ಅದನ್ನು ಆತ್ಮಗೌರವವೆಂದು ಕರೆಯುತ್ತಿದ್ದೆವು. 1974ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕವನ್ನು ವಿಶ್ವಸಂಸ್ಥೆಯಿಂದಲೇ ಹೊರಹಾಕಲು ಆಫ್ರಿಕದವರು ಹೊರಟಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂವರೂ ಒಟ್ಟಿಗೆ ವೀಟೋ ಹಾಕಿ ತಡೆದರು. ಆಗ ಮಹಾಸಭೆಯ ಅಧ್ಯಕ್ಷಪೀಠದಲ್ಲಿದ್ದ ಅಲ್ಜೀರಿಯದ ಬೂತೆಫ್ಲಿಕ, ಎರಡೇ ವಾರಗಳಲ್ಲಿ ಆ ದೇಶದ ನಿಯೋಗ ಸಭೆಯ ಕೆಲಸದಲ್ಲಿ ಭಾಗವಹಿಸಕೂಡದೆಂದು ತೀರ್ಪಿತ್ತು ಹೊರಗೆ ಕೂರಿಸಿದರು. ವೀಟೋ ಎಂದರೇನೆಂದು ಅವರಿಗೆ ನಾವು ಪಾಠ ಹೇಳಬೇಕಾಗಿಲ್ಲ. ಪೆಟ್ಟು ತಿಂದು ಕಲಿತವರು ಅವರು.

ನಾವು ಅವರ ಓಟು ಕೇಳುವ ಊರುಗಳಲ್ಲಿ ನಮ್ಮ ಊರುಗಳ ಸುದ್ದಿಯೂ ತಲುಪುತ್ತದೆ ಎಂಬುದನ್ನು ಮರೆಯುತ್ತೇವೆ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ, ಸೂಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳನ್ನು ಜನ ಕಾರಿನಿಂದ ಎಳೆದು ಹೊಡೆದರು, ಕಾರಿಗೆ ಬೆಂಕಿ ಹಚ್ಚಿದರು. ಅವಳಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸೂಡಾನಿಗೂ ತಾಂಜಾನಿಯಕ್ಕೂ ಇರುವ ದೂರ ಬೆಂಗಳೂರಿಗೂ ಕಾಬೂಲಿಗೂ ಇರುವಷ್ಟಾದರೂ ಇದ್ದೀತು. ಹೊಡೆದವರಿಗೆ ಅದು ಬೇಕಿರಲಿಲ್ಲ. ಆಫ್ರಿಕವೆಂದರೆ ಒಂದೇ ಮೂಟೆ. ಸಭೆಯಲ್ಲಿ ನಕ್ಕ ನಾವು ಸಭ್ಯರು, ಬೀದಿಯಲ್ಲಿ ಹೊಡೆದವರು ಪುಂಡರು, ಒಪ್ಪಿದೆ. ಕಟ್ಟಿದ ಮೂಟೆ ಮಾತ್ರ ಎರಡೂ ಕಡೆ ಒಂದೇ.

ಹೊರರಾಜ್ಯ, ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ನಾನು ಕೆಲವು ವರ್ಷ ಬಳಕೆ ಕನ್ನಡ ಹೇಳಿಕೊಟ್ಟಿದ್ದೇನೆ. ಭೂತಕಾಲದಲ್ಲಿ ನಾಲ್ಕು ವಾಕ್ಯ ಬರೆಯಿರಿ ಎಂದಾಗ ಪೂರ್ವ ಆಫ್ರಿಕದ ಹುಡುಗನೊಬ್ಬ ಬರೆದದ್ದು ಹೀಗಿತ್ತು: ನಾನು ಮನೆ ಕೇಳಿದೆ. ಫೋನಿನಲ್ಲಿ ಇದೆ ಅಂದರು. ನಾನು ಹೋದೆ. ಇಲ್ಲ ಅಂದರು. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಪೂರ್ತಿ ಅಂಕ ಕೊಟ್ಟೆ. ಆ ಹುಡುಗ ಮುಂದೆ ತನ್ನ ದೇಶದ ವಿದೇಶಾಂಗ ಖಾತೆಯಲ್ಲಿ ದೊಡ್ಡ ಅಧಿಕಾರಿಯಾಗಿ, ನಮ್ಮ ರಾಯಭಾರಿ ಅವನ ಬಾಗಿಲಿಗೆ ಓಟು ಕೇಳಲು ಹೋದರೆ ಅವನು ಏನು ಉತ್ತರ ಕೊಟ್ಟಾನೋ ನನಗೆ ತಿಳಿಯದು.

2017ರ ಏಪ್ರಿಲಿನಲ್ಲಿ ಒಂದು ಉತ್ತರ ಬಂದೇ ಬಂತು. ಗ್ರೇಟರ್ ನೋಯ್ಡಾದಲ್ಲಿ ಆಫ್ರಿಕದ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದ ನಂತರ ದೆಹಲಿಯಲ್ಲಿದ್ದ ಆಫ್ರಿಕದ ರಾಯಭಾರಿಗಳು ಒಟ್ಟಾಗಿ ಒಂದು ಹೇಳಿಕೆ ಹೊರಡಿಸಿದರು. ಇವು ಜನಾಂಗದ್ವೇಷದ ಹಲ್ಲೆಗಳು, ಭಾರತದ ಅಧಿಕಾರಿಗಳು ಸಾಕಷ್ಟು ಕ್ರಮ ತೆಗೆದುಕೊಂಡಿಲ್ಲ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಸ್ವತಂತ್ರ ವಿಚಾರಣೆ ನಡೆಸಬೇಕು ಎಂಬುದು ಅದರ ಸಾರ. ವರ್ಣಭೇದದ ಪ್ರಶ್ನೆಯನ್ನು 1946ರಲ್ಲಿ ವಿಶ್ವಸಂಸ್ಥೆಗೆ ಮೊದಲು ಒಯ್ದವರು ನಾವೇ ಎಂದು ಇಂದಿಗೂ ಹೆಮ್ಮೆಪಡುವ ದೇಶದ ಮೇಲೆ ಅದೇ ಬಗೆಯ ದೂರು. ನಮ್ಮ ಸರ್ಕಾರ ಆ ಹೇಳಿಕೆಯನ್ನು ದುರದೃಷ್ಟಕರವೆಂದು ಕರೆಯಿತು.

ಮುಂದಿನ ತಿಂಗಳು ಅದೇ ಸಭೆಯಲ್ಲಿ, ಅದೇ ಮಹನೀಯರಿಂದ, ‘ಭದ್ರತಾ ಮಂಡಳಿಯಲ್ಲಿ ಭಾರತ’ ಎಂಬ ಉಪನ್ಯಾಸ ಇದೆಯೆಂದು ಆಹ್ವಾನ ಪತ್ರಿಕೆ ಬಂದಿದೆ. ನಾನು ಹೋಗುತ್ತೇನೆ. ಈ ಸಲವಾದರೂ ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿಸಬೇಕೆಂದು ಕಾರ್ಯದರ್ಶಿಗಳಿಗೆ ಕಾಗದ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.